ನಾನೂರು ಟೆಸ್ಟ್ ಪಾಸಾದರೂ ಹಾಲಿನ ಬಿಲ್ ತಪ್ಪಿದ್ದೇಕೆ?

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕೈಯಿಂದ ಟೆಸ್ಟ್ ಬರೆಯಲು ಪುರಸೊತ್ತು ಸಿಗದೆ, ಟೆಸ್ಟ್ ಕೇಸ್‌ಗಳನ್ನು ತಾನೇ ಹುಟ್ಟಿಸುವ ಒಂದು ಟೂಲನ್ನು ರಾತ್ರಿಯಿಡೀ ಓಡಿಸಿದೆವು. ಬೆಳಿಗ್ಗೆ ನೋಡಿದರೆ 412 ಟೆಸ್ಟ್‌ಗಳು ಸಿದ್ಧವಾಗಿದ್ದವು. ಕೋಡ್ ಕವರೇಜ್ (ಟೆಸ್ಟ್‌ಗಳು ಓಡಿಸಿ ನೋಡಿದ ಸಾಲುಗಳ ಪಾಲು) ಶೇ 92, ಎಲ್ಲವೂ ಪಾಸ್. ಎರಡು ವಾರದ ಬಳಿಕ ಒಂದು ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿ, ಫ್ಯಾಟ್ 4.1 ಬಂದ 8 ಲೀಟರ್ ಹಾಲಿಗೆ ದರಪಟ್ಟಿಗಿಂತ 1 ರೂಪಾಯಿ 60 ಪೈಸೆ ಕಡಿಮೆ ಬಿದ್ದಿದೆಯೆಂದು ಸದಸ್ಯರೊಬ್ಬರು ಚೀಟಿ ಹಿಡಿದು ಬಂದಿದ್ದಾರೆ ಎಂದರು. ಇಷ್ಟು ಟೆಸ್ಟ್‌ಗಳ ಕಣ್ಣು ತಪ್ಪಿಸಿ ಇದು ಹೇಗೆ ಹೋಯಿತು? ಇಂಥ ಟೂಲ್‌ಗಳನ್ನು ನಂಬಬಹುದೇ, ಅಥವಾ ಈಗ ಎಐ ಕೈಯಲ್ಲೇ ಟೆಸ್ಟ್ ಬರೆಸುವುದು ಒಳ್ಳೆಯದೇ? ದರ ಲೆಕ್ಕದ ಮೂರು ಸಾಲು ಕೋಡ್, ದರಪಟ್ಟಿ ಮತ್ತು ಟೆಸ್ಟ್ ಫೈಲನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಮೊದಲು ಆ ಟೆಸ್ಟ್ ಫೈಲಿನಲ್ಲಿ 4.1 ಎಂಬ ಸಂಖ್ಯೆಯನ್ನು ಹುಡುಕಿ ನೋಡಿ. ನೀವು ಕಳಿಸಿದ ಪ್ರತಿಯಲ್ಲಿ ಅದು ಎರಡು ಕಡೆ ಇದೆ, ಮತ್ತು ಎರಡೂ ಕಡೆ ಟೆಸ್ಟ್ ಹೇಳುತ್ತಿರುವುದು ಒಂದೇ ಮಾತು: ಫ್ಯಾಟ್ 4.1 ಕೊಟ್ಟರೆ ಪಾಯಿಂಟ್ ಎಣಿಕೆ (ಮೂಲ ಫ್ಯಾಟ್‌ಗಿಂತ ಎಷ್ಟು 0.1 ಹೆಚ್ಚಿದೆ ಎಂಬುದು) 5 ಬರಬೇಕು. ನಿಮ್ಮ ದರಪಟ್ಟಿಯ ಪ್ರಕಾರ ಬರಬೇಕಾದದ್ದು 6. ನಿಮ್ಮ ಟೆಸ್ಟ್‌ಗಳ ಕಣ್ಣು ತಪ್ಪಿಸಿ ಬಗ್ ಹೋಗಲೇ ಇಲ್ಲ. ಅವು ಅದನ್ನು ಕಂಡವು, ಸರಿಯೆಂದು ಬರೆದುಕೊಂಡವು, ಅಂದಿನಿಂದ ಅದಕ್ಕೆ ಕಾವಲು ಕೂತಿವೆ.

ಮೂರು ಸಾಲಿನ ಲೆಕ್ಕ ಹೀಗಿದೆ: ಹಾಲಿನ ಫ್ಯಾಟ್‌ನಿಂದ ಮೂಲ ಫ್ಯಾಟ್ 3.5 ಅನ್ನು ಕಳೆಯುವುದು. ಉಳಿದದ್ದನ್ನು 10ರಿಂದ ಗುಣಿಸಿ, ದಶಮಾಂಶದ ಬಾಲವನ್ನು ಕತ್ತರಿಸಿ ಪೂರ್ಣಾಂಕ ಮಾಡುವುದು. ಆ ಪಾಯಿಂಟ್‌ಗಳನ್ನು 20 ಪೈಸೆಯಿಂದ ಗುಣಿಸಿ ಮೂಲ ದರಕ್ಕೆ ಕೂಡಿಸುವುದು. ಕಾಗದದ ಮೇಲೆ ಇದರಲ್ಲಿ ತಪ್ಪು ಹುಡುಕಲಾಗದು. ಆದರೆ ನೀವು ಬಳಸಿದ ಪೈಥಾನ್ ಭಾಷೆ ದಶಮಾಂಶ ಸಂಖ್ಯೆಗಳನ್ನು 0 ಮತ್ತು 1 ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುತ್ತದೆ, ಮತ್ತು ನಮ್ಮ ಬರವಣಿಗೆಯಲ್ಲಿ ಮೂರನೇ ಒಂದು ಭಾಗವು 0.333 ಎಂದು ಮುಗಿಯದೆ ಹರಿಯುವ ಹಾಗೆಯೇ 4.1 ಎಂಬುದು ದ್ವಿಮಾನದಲ್ಲಿ ಎಲ್ಲಿಯೂ ಮುಗಿಯುವುದಿಲ್ಲ. ಆದ್ದರಿಂದ ಯಂತ್ರದೊಳಗೆ ಇರುವುದು 4.1ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾದ ಸಂಖ್ಯೆ. ಅದರಿಂದ 3.5 ಕಳೆದಾಗ 0.5999999999999996 ಉಳಿಯುತ್ತದೆ. ಹತ್ತರಿಂದ ಗುಣಿಸಿದರೆ 5.999999999999996. ಬಾಲ ಕತ್ತರಿಸಿದರೆ 5. ಒಂದು ಪಾಯಿಂಟ್ ಹೋಯಿತು, ಲೀಟರಿಗೆ 20 ಪೈಸೆ ಹೋಯಿತು, 8 ಲೀಟರಿಗೆ 1 ರೂಪಾಯಿ 60 ಪೈಸೆ.

ನಿಮ್ಮ ಸಾಲುಗಳನ್ನು ನನ್ನ ಯಂತ್ರದಲ್ಲಿ ಓಡಿಸಿ ನೋಡಿದೆ. 3.5ರಿಂದ 4.5ರವರೆಗಿನ ಹನ್ನೊಂದು ಫ್ಯಾಟ್‌ಗಳ ಪೈಕಿ 3.8, 3.9, 4.1 ಮತ್ತು 4.3ರಲ್ಲಿ ಒಂದು ಪಾಯಿಂಟ್ ಕಡಿಮೆ ಬರುತ್ತದೆ. ಉಳಿದ ಏಳರಲ್ಲಿ ಲೆಕ್ಕ ಸರಿಯಾಗಿದೆ. ಈ ಏಳರಲ್ಲಿ 3.5, 4.0 ಮತ್ತು 4.5 ದ್ವಿಮಾನದಲ್ಲಿ ನಿಖರವಾಗಿ ಕೂರುವ ಸಂಖ್ಯೆಗಳು. ಮನುಷ್ಯರು ಟೆಸ್ಟ್ ಬರೆಯಲು ಕೂತಾಗ ಮೊದಲು ಕೈಗೆ ಸಿಗುವುದೂ ಇವೇ ಎಂಬುದನ್ನು ಗಮನಿಸಿ. ಈ ಮೂರನ್ನೇ ಕೊಟ್ಟು ನಿಮ್ಮ ಮೂರೂ ಸಾಲುಗಳ ಕವರೇಜನ್ನು ಶೇ 100ಕ್ಕೆ ಮುಟ್ಟಿಸಬಹುದು, ಬಗ್ ಮಾತ್ರ ಇದ್ದಲ್ಲೇ ಇರುತ್ತದೆ. ಯಾವ ಸಾಲು ಓಡಿತು ಎಂಬುದನ್ನಷ್ಟೇ ಕವರೇಜ್ ಹೇಳಬಲ್ಲದು. ಓಡಿದ ಸಾಲು ಸರಿಯಾದ ಉತ್ತರ ಕೊಟ್ಟಿತೇ ಎಂಬುದು ಅದರ ವ್ಯಾಪ್ತಿಗೆ ಬರುವ ವಿಷಯವಲ್ಲ.

ಇನ್ನು ಟೂಲ್ ಏಕೆ ಹೀಗೆ ಮಾಡಿತು ಎಂಬ ಪ್ರಶ್ನೆ. ಪ್ರತಿಯೊಂದು ಟೆಸ್ಟ್‌ನಲ್ಲಿ ಎರಡು ಭಾಗಗಳಿರುತ್ತವೆ: ಕೊಡುವ ಇನ್‌ಪುಟ್ ಒಂದು, ಬಂದ ಉತ್ತರ ಸರಿಯೋ ತಪ್ಪೋ ಎಂದು ತಿಕ್ಕಿ ನೋಡುವ ಒರೆಗಲ್ಲು ಇನ್ನೊಂದು. ಸಂಶೋಧಕರು ಈ ಎರಡನೆಯದನ್ನು ಆರೇಕಲ್ ಎನ್ನುತ್ತಾರೆ. ನಾನು ಒರೆಗಲ್ಲು ಎಂದೇ ಕರೆಯುತ್ತೇನೆ. ಇನ್‌ಪುಟ್ ಹುಟ್ಟಿಸುವುದರಲ್ಲಿ ಯಂತ್ರವನ್ನು ಮೀರಿಸುವವರಿಲ್ಲ. ಆದರೆ ಫ್ಯಾಟ್ 4.1ಕ್ಕೆ 6 ಪಾಯಿಂಟ್ ಎಂಬುದು ಕೋಡಿನಲ್ಲಿ ಎಲ್ಲಿಯೂ ಬರೆದಿಲ್ಲ. ಅದು ಇರುವುದು ಸಂಘದ ಗೋಡೆಗೆ ಅಂಟಿಸಿದ ದರಪಟ್ಟಿಯಲ್ಲಿ, ಮತ್ತು ಟೂಲ್ ಆ ಗೋಡೆಯನ್ನು ನೋಡಿಲ್ಲ. ಹಾಗಾಗಿ ಅದು ತನಗೆ ಸಾಧ್ಯವಿದ್ದದ್ದನ್ನು ಮಾಡುತ್ತದೆ: ಇನ್‌ಪುಟ್ ಕೊಟ್ಟು ನಿಮ್ಮ ಪ್ರೋಗ್ರಾಮನ್ನೇ ಓಡಿಸಿ, ಏನು ಬಂತೋ ಅದನ್ನೇ ನಿರೀಕ್ಷಿತ ಉತ್ತರವೆಂದು ಬರೆದಿಡುತ್ತದೆ. ಪರೀಕ್ಷೆ ಬರೆದ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನೇ ಮಾದರಿ ಉತ್ತರವಾಗಿ ಇಟ್ಟುಕೊಂಡು ಅದೇ ಪತ್ರಿಕೆಯನ್ನು ತಿದ್ದಿದರೆ ನೂರಕ್ಕೆ ನೂರು ಬರುವುದರಲ್ಲಿ ಆಶ್ಚರ್ಯವೇನಿದೆ?

ಇದು ಟೂಲಿನ ದೋಷವಲ್ಲ. ಜಾವಾಕ್ಕಾಗಿ 2007ರಲ್ಲಿ ಬಂದ ರಾಂಡೂಪ್, 2011ರಲ್ಲಿ ಬಂದ ಇವೊಸೂಟ್ ಮುಂತಾದವುಗಳೂ ಇಂಥ ಟೆಸ್ಟ್‌ಗಳನ್ನು ಬರೆಯುತ್ತವೆ, ಮತ್ತು ಅವುಗಳ ಉದ್ದೇಶ ಇಂದಿನ ನಡವಳಿಕೆಯನ್ನು ದಾಖಲಿಸಿಟ್ಟು ನಾಳೆ ಕೋಡ್ ಬದಲಿಸಿದಾಗ ಏನು ಬದಲಾಯಿತು ಎಂದು ತೋರಿಸುವುದು. ಹತ್ತು ವರ್ಷ ಹಳೆಯ, ಬರೆದವರು ಬಿಟ್ಟುಹೋದ ಕೋಡನ್ನು ಮುಟ್ಟುವ ಮುನ್ನ ಇಂಥ ಬಲೆಯನ್ನು ಹಾಸಿಕೊಳ್ಳುವುದು ಬಹಳ ಉಪಯುಕ್ತ; ನಾನೂ ಹಾಸಿಕೊಂಡಿದ್ದೇನೆ. ಹೊಸ ಕೋಡಿನ ಸರಿತಪ್ಪು ನೋಡಲು ಮಾತ್ರ ಅದು ನೆರವಾಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಇವತ್ತು ನೀವು ಬಗ್ ಸರಿಪಡಿಸಿದ ಕೂಡಲೇ ಆ 412ರಲ್ಲಿ ಕೆಲವು ಟೆಸ್ಟ್‌ಗಳು ಫೇಲ್ ಆಗುತ್ತವೆ. ಗಾಬರಿಯಾಗಿ ಕೋಡನ್ನು ಹಿಂದಿನಂತೆಯೇ ಮಾಡಿಬಿಡಬೇಡಿ.

ಹಾಗಾದರೆ ಯಂತ್ರ ಹುಟ್ಟಿಸಿದ ಟೆಸ್ಟ್‌ಗಳಿಂದ ದೊಡ್ಡ ದೊಡ್ಡ ಬಗ್‌ಗಳು ಸಿಕ್ಕಿವೆ ಎಂದು ಓದುತ್ತೇವಲ್ಲ, ಅದು ಹೇಗೆ ಎಂದು ನೀವು ಕೇಳಬಹುದು. ಅಲ್ಲಿ ಒರೆಗಲ್ಲು ಪುಕ್ಕಟೆಯಾಗಿ ಸಿಕ್ಕಿತ್ತು. 1988ರ ಶರತ್ಕಾಲದ ಒಂದು ಗುಡುಗು ಮಳೆಯ ರಾತ್ರಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಮ್ಯಾಡಿಸನ್‌ನ ತಮ್ಮ ಮನೆಯಿಂದ ಫೋನ್ ಲೈನಿನ ಮೂಲಕ ಯುನಿಕ್ಸ್ ಯಂತ್ರಕ್ಕೆ ಸಂಪರ್ಕ ಪಡೆದು ಕೆಲಸ ಮಾಡುತ್ತಿದ್ದರು. ಮಳೆಯಿಂದಾಗಿ ಲೈನಿನಲ್ಲಿ ಕಸದ ಅಕ್ಷರಗಳು ನುಸುಳುತ್ತಿದ್ದವು, ಮತ್ತು ಆ ಕಸ ತಾಗಿದ ಮಾತ್ರಕ್ಕೆ ಒಳ್ಳೆಯ ಹೆಸರಿದ್ದ ಪ್ರೋಗ್ರಾಮ್‌ಗಳು ಕುಸಿದುಬೀಳುತ್ತಿದ್ದವು. ಅವರು ಇದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟು, ಬೇಕೆಂದೇ ಕಸ ಹುಟ್ಟಿಸುವ ಪ್ರೋಗ್ರಾಮ್ ಬರೆಸಿ, ಅದಕ್ಕೆ ಫಜ್ ಎಂದು ಹೆಸರಿಟ್ಟರು. 1990ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಪರೀಕ್ಷೆಗೆ ಒಳಪಡಿಸಿದ ಯುನಿಕ್ಸ್ ಪ್ರೋಗ್ರಾಮ್‌ಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬಿದ್ದುಹೋದವು ಅಥವಾ ಸ್ತಬ್ಧವಾದವು. ಪ್ರೋಗ್ರಾಮ್ ಯಾವ ಕೆಲಸ ಮಾಡುತ್ತದೆ ಎಂಬುದೇ ಪರೀಕ್ಷಕನಿಗೆ ಇಲ್ಲಿ ಗೊತ್ತಿರಬೇಕಾಗಿಲ್ಲ. ಬಿದ್ದರೆ ತಪ್ಪು ಎಂಬ ಒಂದೇ ಒರೆಗಲ್ಲು ಎಲ್ಲಕ್ಕೂ ಸಾಕು.

2013ರಲ್ಲಿ ಮಿಹಾವ್ ಜಲೇವ್‌ಸ್ಕಿ ಬರೆದ ಎಎಫ್‌ಎಲ್ ಎಂಬ ಫಜರ್ (ಫಜ್‌ನಂತೆ ಇನ್‌ಪುಟ್ ಹುಟ್ಟಿಸಿ ಎಸೆಯುವ ಟೂಲ್) ಇದಕ್ಕೆ ಇನ್ನೊಂದು ಮೆಟ್ಟಿಲನ್ನು ಕಟ್ಟಿತು. ಯಾವ ಇನ್‌ಪುಟ್ ಕೋಡಿನಲ್ಲಿ ಹಿಂದೆ ತುಳಿಯದ ದಾರಿಯನ್ನು ತುಳಿಯಿತೋ ಅದನ್ನು ಉಳಿಸಿಕೊಂಡು, ಅದರಲ್ಲೇ ಅಲ್ಲಿಷ್ಟು ಇಲ್ಲಿಷ್ಟು ತಿರುಚಿ ಮುಂದಿನ ತಲೆಮಾರಿನ ಇನ್‌ಪುಟ್‌ಗಳನ್ನು ಅದು ತಯಾರಿಸುತ್ತದೆ. ಜೆಪೆಗ್ ಚಿತ್ರ ಓದುವ ಪ್ರೋಗ್ರಾಮಿಗೆ 'ಹಲೋ' ಎಂಬ ಒಂದೇ ಪದವಿದ್ದ ಪಠ್ಯ ಫೈಲನ್ನು ಕೊಟ್ಟು ಬಿಟ್ಟರೆ, ಸಾಕಷ್ಟು ಹೊತ್ತಿನ ಬಳಿಕ ಅದು ತಾನಾಗಿಯೇ ನಿಜವಾದ ಜೆಪೆಗ್ ಫೈಲ್‌ಗಳನ್ನು ಹುಟ್ಟಿಸತೊಡಗಿತೆಂದು ಅವರು 2014ರಲ್ಲಿ ತೋರಿಸಿದರು. ಇಂದಿಗೂ ಫೈಲ್ ಓದುವ, ನೆಟ್‌ವರ್ಕ್‌ನಿಂದ ಬಂದದ್ದನ್ನು ಬಿಡಿಸುವ ಕೋಡಿಗೆ ಫಜಿಂಗ್‌ಗಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಕಂಡಿಲ್ಲ. ನಿಮ್ಮಲ್ಲಿಯೂ ಒಂದು ಜಾಗ ಇದಕ್ಕೆ ಹೇಳಿಮಾಡಿಸಿದ್ದಿದೆ: ಹಾಲು ಅಳೆಯುವ ಅನಲೈಸರ್ ಯಂತ್ರದಿಂದ ಕೇಬಲ್ ಮೂಲಕ ಬರುವ ಸಾಲನ್ನು ಓದಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಬೇರ್ಪಡಿಸುವ ಭಾಗ. ಕೇಬಲ್ ಸಡಿಲವಾಗಿ ಅರ್ಧ ಸಾಲು ಬಂದರೆ ಏನಾಗುತ್ತದೆಂದು ನೀವು ಕೈಯಿಂದ ಎಷ್ಟು ಟೆಸ್ಟ್ ಬರೆದೀರಿ? ಆ ಕೆಲಸವನ್ನು ಫಜರ್‌ಗೆ ಬಿಡಿ. ಬಿಲ್ ಲೆಕ್ಕದ ವಿಷಯ ಬೇರೆ. 5 ಪಾಯಿಂಟ್ ಎಂದು ಹೇಳಿದ ನಿಮ್ಮ ಪ್ರೋಗ್ರಾಮ್ ಬೀಳಲಿಲ್ಲ, ಸಿಲುಕಲಿಲ್ಲ, ಒಂದು ಎಚ್ಚರಿಕೆಯ ಸಾಲನ್ನೂ ಬರೆಯಲಿಲ್ಲ. ಚೀಟಿ ಮುದ್ರಿಸಿ ಮುಂದಿನ ಕ್ಯಾನಿಗೆ ಹೋಯಿತು.

ಇದಕ್ಕೂ ಹಳೆಯ, ಇದಕ್ಕಿಂತ ಜಾಣ ವಿಧಾನವೊಂದಿದೆ. 1976ರಲ್ಲಿ ಐಬಿಎಂನ ಜೇಮ್ಸ್ ಕಿಂಗ್ ವಿವರಿಸಿದ ಸಿಂಬಾಲಿಕ್ ಎಕ್ಸಿಕ್ಯೂಷನ್‌ನಲ್ಲಿ ಇನ್‌ಪುಟ್ ಜಾಗದಲ್ಲಿ ಸಂಖ್ಯೆಯ ಬದಲು ಬೀಜಗಣಿತದ ಅಕ್ಷರವನ್ನು ಇಟ್ಟು, ಪ್ರತಿ ಕವಲಿನಲ್ಲಿ ಈ ದಾರಿ ಹಿಡಿಯಲು ಅಕ್ಷರ ಯಾವ ಷರತ್ತನ್ನು ಪೂರೈಸಬೇಕು ಎಂದು ಬರೆಯುತ್ತಾ ಹೋಗಿ, ಕೊನೆಗೆ ಆ ಸಮೀಕರಣಗಳನ್ನು ಬಿಡಿಸಿ ಇನ್‌ಪುಟ್ ಪಡೆಯಲಾಗುತ್ತದೆ. ಕೋಡಿನಲ್ಲಿ 'ಸಂಖ್ಯೆ 10 ಆಗಿದ್ದರೆ' ಎಂಬ ಕವಲಿದ್ದು, ಆ ಸಂಖ್ಯೆ 32 ಬಿಟ್‌ನದಾಗಿದ್ದರೆ, ಕುರುಡಾಗಿ ಸಂಖ್ಯೆ ಎಸೆಯುವ ಪರೀಕ್ಷೆಗೆ ಅದು ಸಿಗುವ ಸಂಭವ 429 ಕೋಟಿಯಲ್ಲಿ ಒಂದು. ಸಮೀಕರಣ ಬಿಡಿಸುವವನಿಗೆ ಅದು ಒಂದು ಕ್ಷಣದ ಕೆಲಸ. ಕಾನ್ಪುರದ ಐಐಟಿಯಲ್ಲಿ ಓದಿದ ಕೌಶಿಕ್ ಸೇನ್, ಪ್ಯಾಟ್ರಿಸ್ ಗೋಡೆಫ್ರುವಾ ಮತ್ತು ನಿಲ್ಸ್ ಕ್ಲಾರ್‌ಲುಂಡ್ 2005ರಲ್ಲಿ ತಂದ ಡಾರ್ಟ್, ನಿಜವಾದ ಓಟವನ್ನೂ ಸಮೀಕರಣವನ್ನೂ ಬೆಸೆದು ಈ ವಿಧಾನವನ್ನು ಬಳಕೆಗೆ ಇಳಿಸಿತು. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ಲೀ ಎಂಬ ಟೂಲ್, ಲಿನಕ್ಸ್ ಬಳಸುವವರೆಲ್ಲ ದಿನವೂ ಮುಟ್ಟುವ ಕೋರ್‌ಯೂಟಿಲ್ಸ್‌ನ 89 ಪ್ರೋಗ್ರಾಮ್‌ಗಳಿಗೆ ಸರಾಸರಿ ಶೇ 90ಕ್ಕೂ ಹೆಚ್ಚಿನ ಕವರೇಜ್ ಕೊಡುವ ಟೆಸ್ಟ್‌ಗಳನ್ನು ತಾನೇ ಹುಟ್ಟಿಸಿ, 15 ವರ್ಷಗಳಿಂದ ಯಾರ ಕಣ್ಣಿಗೂ ಬೀಳದಿದ್ದ ಬಗ್‌ಗಳನ್ನು ಹೊರತೆಗೆಯಿತು. ಆದರೂ ನಿಮ್ಮ ಮೂರು ಸಾಲಿಗೆ ಇದರಿಂದ ಹೆಚ್ಚಿನ ಉಪಕಾರವಿಲ್ಲ, ಏಕೆಂದರೆ ಅಲ್ಲಿ ಕವಲೇ ಇಲ್ಲ. ಮೇಲಾಗಿ, ದಶಮಾಂಶಗಳನ್ನು ಗಣಿತದ ಶುದ್ಧ ಸಂಖ್ಯೆಗಳೆಂದು ಭಾವಿಸಿ ಸಮೀಕರಣ ಬಿಡಿಸುವ ಟೂಲಿಗೆ 4.1ರಲ್ಲಿ 3.5 ಹೋದರೆ ಉಳಿಯುವುದು ಸರಿಯಾಗಿ 0.6, ತಪ್ಪು ಹುಟ್ಟುವ ಜಾಗವೇ ಅದಕ್ಕೆ ಕಾಣುವುದಿಲ್ಲ.

ಆದ್ದರಿಂದ ನಿಮಗೆ ಬೇಕಾಗಿರುವುದು ಒರೆಗಲ್ಲನ್ನು ನೀವು ಕೊಟ್ಟು, ಇನ್‌ಪುಟ್ ಹುಟ್ಟಿಸುವುದನ್ನು ಯಂತ್ರಕ್ಕೆ ಬಿಡುವ ವಿಧಾನ. 2000ದಲ್ಲಿ ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಹ್ಯಾಸ್ಕೆಲ್ ಭಾಷೆಗಾಗಿ ಬರೆದ ಕ್ವಿಕ್‌ಚೆಕ್ ಇದರ ಮೂಲ. ಪೈಥಾನ್‌ನಲ್ಲಿ ಹೈಪಾಥಿಸಿಸ್ ಎಂಬ ಲೈಬ್ರರಿ ಅದೇ ಕೆಲಸ ಮಾಡುತ್ತದೆ. ಇಲ್ಲಿ ನೀವು ಒಂದೊಂದು ಇನ್‌ಪುಟ್‌ಗೆ ಒಂದೊಂದು ಉತ್ತರ ಬರೆಯುವುದಿಲ್ಲ. ಎಲ್ಲ ಇನ್‌ಪುಟ್‌ಗಳಿಗೂ ಸಲ್ಲಬೇಕಾದ ನಿಯಮವನ್ನು ಬರೆಯುತ್ತೀರಿ, ಆ ನಿಯಮ ಮುರಿಯುವ ಇನ್‌ಪುಟ್ ಹುಡುಕಲು ಯಂತ್ರ ಹೊರಡುತ್ತದೆ.

ನಿಯಮ ಬರೆಯುವುದು ಕಾಣುವಷ್ಟು ಸುಲಭವಲ್ಲ, ಮತ್ತು ನಿಮ್ಮ ಕೋಡೇ ಅದಕ್ಕೆ ಒಳ್ಳೆಯ ಪಾಠ. ಇಂಥ ಲೆಕ್ಕಕ್ಕೆ ಯಾರಿಗಾದರೂ ಮೊದಲು ಹೊಳೆಯುವ ನಿಯಮ ಇದು: ಫ್ಯಾಟ್ ಹೆಚ್ಚಿದರೆ ದರ ಇಳಿಯಬಾರದು. ನ್ಯಾಯವಾದ ಮಾತು. ಆದರೆ 3.5ರಿಂದ 4.5ರವರೆಗೆ ನಿಮ್ಮ ಕೋಡ್ ಕೊಡುವ ಪಾಯಿಂಟ್‌ಗಳನ್ನು ಸಾಲಾಗಿ ಓದಿ: 0, 1, 2, 2, 3, 5, 5, 7, 7, 9, 10. ಎಲ್ಲಿಯೂ ಇಳಿದಿಲ್ಲ! ನಿಂತಿದೆ, ಹಾರಿದೆ, ಇಳಿದಿಲ್ಲ. ಆ ನಿಯಮ ಹಾಕಿ ಒಂದು ಲಕ್ಷ ಇನ್‌ಪುಟ್ ಓಡಿಸಿದರೂ ಟೆಸ್ಟ್ ಪಾಸ್ ಎಂದೇ ಬರುತ್ತದೆ. ನಿಯಮವನ್ನು ಬಿಗಿ ಮಾಡಬೇಕು: ಫ್ಯಾಟ್ ಒಂದು ಪಾಯಿಂಟ್ ಏರಿದರೆ ಎಣಿಕೆ ಸರಿಯಾಗಿ ಒಂದೇ ಏರಬೇಕು, ಮತ್ತು 3.5ಕ್ಕೆ ಸೊನ್ನೆ ಬರಬೇಕು. ಈ ಎರಡು ವಾಕ್ಯದಲ್ಲಿ ದರಪಟ್ಟಿಯ ಇಡೀ ಫ್ಯಾಟ್ ಕಾಲಂ ಅಡಗಿದೆ.

ಎರಡನೆಯ ಎಡವುಗಲ್ಲು ಇನ್‌ಪುಟ್‌ನ ಆಕಾರ. ಹೈಪಾಥಿಸಿಸ್‌ಗೆ 3.0ರಿಂದ 10.0ರ ನಡುವಿನ ಯಾವುದಾದರೂ ದಶಮಾಂಶ ಕೊಡು ಎಂದರೆ 3.8274651 ಎಂಬಂಥ ಸಂಖ್ಯೆಗಳೂ ಬರುತ್ತವೆ. ನಿಮ್ಮ ಸಂಘದ ಅನಲೈಸರ್ ತೋರಿಸುವುದು ಬಿಂದುವಿನ ನಂತರ ಒಂದೇ ಅಂಕಿ. ಬಗ್ ಇರುವುದೂ ಆ ಒಂದಂಕಿಯ ಸಂಖ್ಯೆಗಳಲ್ಲೇ. 3.8274651ಕ್ಕೆ ಎಷ್ಟು ಪಾಯಿಂಟ್ ಎಂದು ದರಪಟ್ಟಿಯೂ ಹೇಳುವುದಿಲ್ಲ. ಆದ್ದರಿಂದ 30ರಿಂದ 100ರವರೆಗಿನ ಪೂರ್ಣಾಂಕವನ್ನು ಹುಟ್ಟಿಸಿ, ಅದನ್ನು ಹತ್ತರಿಂದ ಭಾಗಿಸಿ ನಿಮ್ಮ ಕೋಡಿಗೆ ಕೊಡಿ. ಒರೆಗಲ್ಲಿಗೆ ಆ ಪೂರ್ಣಾಂಕದಿಂದಲೇ 35 ಕಳೆದು ಬಂದದ್ದನ್ನು ಇಡಿ. 41ರಲ್ಲಿ 35 ಹೋದರೆ 6. ಇಲ್ಲಿ ಜಾರಿಹೋಗಲು ದಶಮಾಂಶವೇ ಇಲ್ಲ.

ನಾನು ಹೀಗೆ ಮಾಡಿ ಓಡಿಸಿದಾಗ ಬಂದ ಉತ್ತರ ನಿಮಗೆ ಹೊಸದು. ತಪ್ಪು ಸಿಕ್ಕ ಮೇಲೆ ಹೈಪಾಥಿಸಿಸ್ ಅಲ್ಲಿಗೆ ನಿಲ್ಲದೆ, ಅದೇ ತಪ್ಪನ್ನು ತೋರಿಸುವ ಇನ್ನೂ ಸರಳ ಇನ್‌ಪುಟ್ ಇದೆಯೇ ಎಂದು ಕುಗ್ಗಿಸುತ್ತಾ ಹೋಗುತ್ತದೆ. ಕುಗ್ಗಿಸಿ ಕುಗ್ಗಿಸಿ ಅದು ನನ್ನ ಮುಂದಿಟ್ಟ ಸಂಖ್ಯೆ 4.1 ಅಲ್ಲ, 3.8 ಕೂಡ ಅಲ್ಲ, 3.1. ಮೂಲ ಫ್ಯಾಟ್‌ಗಿಂತ ಕೆಳಗೆ ಕಡಿತವಾಗಬೇಕಾದದ್ದು 4 ಪಾಯಿಂಟ್. ಯಂತ್ರದೊಳಗೆ ಬಂದದ್ದು ಮೈನಸ್ 3.999999999999999, ಬಾಲ ಕತ್ತರಿಸಿದಾಗ ಸೊನ್ನೆಯ ಕಡೆಗೆ ಸರಿದು ಮೈನಸ್ 3. ಇದೇ ಕಥೆ 3.2ರಲ್ಲಿಯೂ ಇದೆ. ಅಲ್ಲಿ ಹಾಲು ಹಾಕಿದವರಿಗೆ ಲೀಟರಿಗೆ 20 ಪೈಸೆ ಹೆಚ್ಚು ಸಿಕ್ಕಿದೆ, ಸಂಘಕ್ಕೆ ಅಷ್ಟು ನಷ್ಟವಾಗಿದೆ, ಮತ್ತು ಹೆಚ್ಚು ಸಿಕ್ಕವರು ಯಾರೂ ಚೀಟಿ ಹಿಡಿದು ಕಾರ್ಯದರ್ಶಿಯವರ ಬಳಿ ಬರಲಿಲ್ಲ. ದೂರು ಬಂದ ದಿಕ್ಕಿನಲ್ಲಷ್ಟೇ ಬಗ್ ಹುಡುಕಿದ್ದರೆ ಇದು ಇನ್ನೂ ಹಲವು ಬಟವಾಡೆಗಳ ತನಕ ಉಳಿಯುತ್ತಿತ್ತು.

ಇಷ್ಟು ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆ: ಈ ಒಂದು ಲೆಕ್ಕಕ್ಕೆ ಇಷ್ಟು ಜಾಣತನವೂ ಬೇಕಿರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಫ್ಯಾಟ್ 3.0ರಿಂದ 10.0ರವರೆಗೆ 71 ಬೆಲೆಗಳು, ಎಸ್‌ಎನ್‌ಎಫ್ 7.5ರಿಂದ 9.5ರವರೆಗೆ 21 ಬೆಲೆಗಳು. ಒಟ್ಟು 1,491 ಮನೆಗಳು. ಒಂದನ್ನೂ ಬಿಡದೆ ಎಲ್ಲವನ್ನೂ ಓಡಿಸಿ, ಒಕ್ಕೂಟದಿಂದ ಬಂದ ಮುದ್ರಿತ ಪಟ್ಟಿಯ ಜೊತೆ ಹೋಲಿಸಲು ಕಂಪ್ಯೂಟರ್‌ಗೆ ಒಂದು ಸೆಕೆಂಡೂ ಬೇಡ. ಇನ್‌ಪುಟ್‌ನ ಕ್ಷೇತ್ರ ಚಿಕ್ಕದಿದ್ದಾಗ ಆರಿಸಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ ಎಂಬುದನ್ನು ಟೂಲ್‌ಗಳ ಮೋಹದಲ್ಲಿ ನಾವು ಮರೆಯುತ್ತೇವೆ. ಲೀಟರ್ ಲೆಕ್ಕ ಸೇರಿದ ಮೇಲೆ ಮಾತ್ರ ಕ್ಷೇತ್ರ ದೊಡ್ಡದಾಗುತ್ತದೆ. ಅಲ್ಲಿ ನಿಯಮಗಳ ಅಗತ್ಯ ಬೀಳುತ್ತದೆ. ಒಂದೇ ಹಾಲನ್ನು ಎರಡು ಭಾಗ ಮಾಡಿ ಅಳೆದರೆ ಎರಡು ಬಿಲ್‌ಗಳ ಮೊತ್ತ ಒಂದೇ ಬಿಲ್‌ಗಿಂತ ಒಂದು ಪೈಸೆಗಿಂತ ಹೆಚ್ಚು ವ್ಯತ್ಯಾಸವಾಗಬಾರದು, ಎಲ್ಲ ಸದಸ್ಯರ ಬಟವಾಡೆಯ ಮೊತ್ತ ಸಂಘದ ಹೊತ್ತುವಾರಿ ಲೆಕ್ಕದ ಮೊತ್ತಕ್ಕೆ ಸರಿಹೊಂದಬೇಕು, ಹೀಗೆ. ಸರಿಯಾದ ಉತ್ತರ ಎಷ್ಟೆಂದು ಗೊತ್ತಿಲ್ಲದಿದ್ದರೂ ಎರಡು ಉತ್ತರಗಳ ನಡುವಿನ ಸಂಬಂಧ ಗೊತ್ತಿರುತ್ತದೆ ಎಂಬ ಈ ಉಪಾಯವನ್ನು 1998ರಲ್ಲಿ ಟಿ. ವೈ. ಚೆನ್ ಮತ್ತು ಸಂಗಡಿಗರು ಮೆಟಮಾರ್ಫಿಕ್ ಟೆಸ್ಟಿಂಗ್ ಎಂದು ಕರೆದರು. ದಿನಾಂಕಗಳನ್ನೂ ಹುಟ್ಟಿಸಿ, ಅದರಲ್ಲಿ ಫೆಬ್ರವರಿ 29 ಮತ್ತು ಅಧಿಕ ವರ್ಷದ ಡಿಸೆಂಬರ್ 31 ಬರುವಂತೆ ನೋಡಿಕೊಳ್ಳಿ. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್‌ನ 'ಜೂನ್' (Zune) ಎಂಬ 30 ಜಿಬಿ ಮ್ಯೂಸಿಕ್ ಪ್ಲೇಯರ್‌ಗಳು ಸ್ತಬ್ಧವಾದದ್ದು ವರ್ಷದ 366ನೇ ದಿನವನ್ನು ನಿರೀಕ್ಷಿಸದ ಒಂದು ಲೂಪ್‌ನಿಂದ.

ಸದಸ್ಯರ ಹೆಸರುಗಳ ವಿಷಯ ನೀವು ಕೇಳಿಲ್ಲ, ಆದರೂ ಕನ್ನಡದಲ್ಲಿ ಚೀಟಿ ಮುದ್ರಿಸುವವರಿಗೆ ಹೇಳದೆ ಇರಲಾರೆ. ಪಠ್ಯ ಹುಟ್ಟಿಸುವಂತೆ ಹೇಳಿದರೆ ಟೂಲ್ ಪ್ರಪಂಚದ ಎಲ್ಲ ಲಿಪಿಗಳಿಂದ ಹೆಕ್ಕಿ ತರುತ್ತದೆ, ಕನ್ನಡದ ಪಾಲಿಗೆ ಬರುವುದು ಅತ್ಯಲ್ಪ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ವಿಭಾಗವನ್ನೂ, ಜೊತೆಗೆ ಒತ್ತಕ್ಷರ ಕೂಡದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವನ್ನೂ ನೀವೇ ಸೂಚಿಸಬೇಕು. 'ಶಂಕರ್' ಎಂಬ ಹೆಸರಿನ ಕೊನೆಯಲ್ಲಿ ಆ ಕಾಣದ ಅಕ್ಷರ ಸೇರಿಕೊಂಡಿದ್ದರೆ ಪರದೆಯ ಮೇಲೆ ಎರಡೂ ಒಂದೇ. ಹುಡುಕಿದಾಗ ಮಾತ್ರ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ, ಮತ್ತು ಸಂಘದಲ್ಲಿ ಒಬ್ಬರೇ ಶಂಕರ್ ಇಬ್ಬರಾಗುತ್ತಾರೆ. ಪಠ್ಯವನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. 30 ಬೈಟ್‌ನ ಕಾಲಂನಲ್ಲಿ ಹಿಡಿಸುವುದು ಹತ್ತೇ ಸಂಕೇತ, ಅದರಲ್ಲಿ ಅಕ್ಷರ, ಕಾಗುಣಿತ, ವಿರಾಮ (ಅರ್ಧಾಕ್ಷರದ ಗುರುತು) ಎಲ್ಲವೂ ಎಣಿಕೆಗೆ ಬರುತ್ತವೆ. ಇದು ಸಣ್ಣ ಸಂಗತಿಯೆಂದು ತಳ್ಳಿಹಾಕುವ ಹಾಗಿಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಅಕ್ಷರದೊಳಗೆ ಇದೇ ಕಾಣದ ಸಂಕೇತ ಸೇರಿದ್ದ ಒಂದು ಸಂದೇಶ ಬಂದರೆ ಐಫೋನ್‌ನ ಆ್ಯಪ್‌ಗಳು ಕುಸಿಯುತ್ತಿದ್ದವು, ಮತ್ತು ಆ್ಯಪಲ್ ಅದಕ್ಕೆಂದೇ ಐಒಎಸ್ 11.2.6 ಬಿಡುಗಡೆ ಮಾಡಬೇಕಾಯಿತು.

ಸೆಟ್ಟಿಂಗ್‌ಗಳ ಬಗ್ಗೆ ಒಂದೇ ಮಾತು. ಹಸುವಿನ ಹಾಲೋ ಎಮ್ಮೆಯದೋ, ಬೆಳಗಿನದೋ ಸಂಜೆಯದೋ, ಪ್ರೋತ್ಸಾಹಧನ ಸೇರಿಸಬೇಕೋ ಬೇಡವೋ ಎಂಬಂಥ ಹತ್ತು ಆಯ್ಕೆಗಳಿದ್ದರೆ ಒಟ್ಟು 1,024 ಜೋಡಣೆಗಳಾಗುತ್ತವೆ. ಯಾವುದೇ ಎರಡು ಆಯ್ಕೆಗಳ ನಾಲ್ಕೂ ಜೋಡಿಗಳು ಒಮ್ಮೆಯಾದರೂ ಬರಬೇಕೆಂದು ಮಾತ್ರ ಪಟ್ಟು ಹಿಡಿದರೆ 6 ಟೆಸ್ಟ್ ಸಾಕು. ಇಂಥ ಕಿರುಪಟ್ಟಿಯನ್ನು ಲೆಕ್ಕ ಹಾಕಿಕೊಡುವ ಟೂಲ್‌ಗಳು ಪುಕ್ಕಟೆಯಾಗಿ ಸಿಗುತ್ತವೆ, ಮೈಕ್ರೋಸಾಫ್ಟ್‌ನ ಪಿಕ್ಟ್ ಅವುಗಳಲ್ಲಿ ಒಂದು.

ಎಐ ವಿಷಯ. ಭಾಷಾ ಮಾದರಿಗಳು ಬರೆಯುವ ಟೆಸ್ಟ್‌ಗಳು ನಿಮ್ಮ ರಾತ್ರಿಯ ಟೂಲ್‌ಗಿಂತ ಒಂದು ವಿಷಯದಲ್ಲಿ ನಿಜವಾಗಿ ಮುಂದಿವೆ: ಫಂಕ್ಷನ್‌ನ ಹೆಸರು, ಕಾಮೆಂಟು, ಸುತ್ತಲಿನ ಮಾತುಗಳನ್ನು ಓದಿ ನಿಮ್ಮ ಉದ್ದೇಶವನ್ನು ಅವು ಊಹಿಸಬಲ್ಲವು, ಅಂದರೆ ಒರೆಗಲ್ಲಿನ ಒಂದು ಚೂರು ಅವುಗಳ ಕೈಯಲ್ಲಿರುತ್ತದೆ. ಆದರೆ ಕೋಡನ್ನೂ ಮುಂದಿಟ್ಟು ಟೆಸ್ಟ್ ಬರೆ ಎಂದರೆ ಅವೂ ಬಹಳ ಸಲ ಕೋಡ್ ಏನು ಮಾಡುತ್ತದೋ ಅದನ್ನೇ ಸರಿಯೆಂದು ಹಿಡಿಯುತ್ತವೆ. ನಾನು ಕೋಡನ್ನು ತೋರಿಸುವುದೇ ಇಲ್ಲ. ದರಪಟ್ಟಿ, ಒಕ್ಕೂಟದ ಸುತ್ತೋಲೆ, ಫಂಕ್ಷನ್ ಯಾವ ಇನ್‌ಪುಟ್ ತೆಗೆದುಕೊಳ್ಳುತ್ತದೆ ಎಂಬ ಒಂದು ಸಾಲು, ಇಷ್ಟನ್ನೇ ಕೊಟ್ಟು, ಟೆಸ್ಟ್ ಬೇಡ, ನಿಯಮಗಳನ್ನು ಪಟ್ಟಿ ಮಾಡು ಎನ್ನುತ್ತೇನೆ. ಬಂದ ಪಟ್ಟಿಯನ್ನು ಕಾರ್ಯದರ್ಶಿಯವರಿಗೆ ಓದಿ ಹೇಳಿ. ಹಾಲು ಹುಳಿಯಾಗಿದ್ದರೆ ಲೆಕ್ಕ ಹೇಗೆ, ಫ್ಯಾಟ್ ಸರಿಯಿದ್ದು ಎಸ್‌ಎನ್‌ಎಫ್ ಕಡಿಮೆ ಬಂದರೆ ಹೇಗೆ ಎಂಬುದನ್ನು ಅವರು ಅಲ್ಲಿಯೇ ತಿದ್ದುತ್ತಾರೆ, ಮತ್ತು ಆ ತಿದ್ದುಪಡಿಗಳು ಯಾವ ಟೂಲಿನಿಂದಲೂ ಬರುವಂಥವಲ್ಲ.

ಟೆಸ್ಟ್‌ಗಳ ಗುಣ ಅಳೆಯಲು ಮ್ಯುಟೇಷನ್ ಟೆಸ್ಟಿಂಗ್ ಬಳಸಿ ಎಂದು ಯಾರಾದರೂ ಸಲಹೆ ಕೊಡಬಹುದು. ಕೋಡಿನಲ್ಲಿ ಬೇಕೆಂದೇ ಕೂಡಿಸುವಲ್ಲಿ ಕಳೆದು, 10 ಇದ್ದಲ್ಲಿ 11 ಮಾಡಿ, ಟೆಸ್ಟ್‌ಗಳು ಅದನ್ನು ಹಿಡಿಯುತ್ತವೆಯೇ ಎಂದು ನೋಡುವ, 1978ರಿಂದ ಚರ್ಚೆಯಲ್ಲಿರುವ ವಿಧಾನವಿದು. ಕವರೇಜ್‌ಗಿಂತ ಖಂಡಿತ ಒಳ್ಳೆಯ ಅಳತೆ. ಆದರೆ ನಿಮ್ಮ 412 ಟೆಸ್ಟ್‌ಗಳು ಅದರಲ್ಲಿಯೂ ಒಳ್ಳೆಯ ಅಂಕ ಪಡೆಯುತ್ತವೆ. ಈಗಿರುವ ಕೋಡಿನಿಂದ ಕದಲಿದ್ದನ್ನೆಲ್ಲ ಅವು ಚೆನ್ನಾಗಿಯೇ ಹಿಡಿಯುತ್ತವೆ; ಈಗಿರುವುದೇ ತಪ್ಪಾಗಿದ್ದರೆ ಹಿಡಿಯಲು ಅವುಗಳ ಬಳಿ ಏನೂ ಇಲ್ಲ. ನಿಯಮಗಳನ್ನು ಬರೆದ ಮೇಲೆ, ಅವು ಸಡಿಲವಾಗಿವೆಯೇ ಎಂದು ನೋಡಲು ಇದನ್ನು ಬಳಸಿ. 'ದರ ಇಳಿಯಬಾರದು' ಎಂಬ ಆ ಸಡಿಲ ನಿಯಮ ಆಗ ಸಿಕ್ಕಿಬೀಳುತ್ತದೆ.

ಕೋಡನ್ನು ಸರಿಪಡಿಸುವುದು ಇದರಲ್ಲೆಲ್ಲ ಚಿಕ್ಕ ಕೆಲಸ. ಅನಲೈಸರ್‌ನಿಂದ ಅಕ್ಷರರೂಪದಲ್ಲಿ ಬಂದ '4.1' ಅನ್ನು ದಶಮಾಂಶ ಮಾಡದೆ ನೇರವಾಗಿ 41 ಎಂಬ ಪೂರ್ಣಾಂಕ ಮಾಡಿಕೊಳ್ಳಿ, ಹಣವನ್ನು ಪೈಸೆಯಲ್ಲೇ ಇಡಿ, ರೂಪಾಯಿಯ ಬಿಂದು ಚೀಟಿಯಲ್ಲಿ ಮುದ್ರಿಸುವಾಗ ಮಾತ್ರ ಬರಲಿ. ಆ ಬಳಿಕ ಹಳೆಯ ನಮೂದುಗಳನ್ನೆಲ್ಲ ಹೊಸ ಕೋಡಿನಿಂದ ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸ ಬಂದ ಪ್ರತಿ ಸಾಲನ್ನು ಸದಸ್ಯರ ಹೆಸರಿನ ಜೊತೆ ಪಟ್ಟಿ ಮಾಡಿ. 3.8, 3.9, 4.1, 4.3ಕ್ಕೆ ಪಟ್ಟಿ ಮುಗಿಯುವುದಿಲ್ಲ, 4.6ರಲ್ಲಿಯೂ ಒಂದು ಪಾಯಿಂಟ್ ಬಿಟ್ಟುಹೋಗಿದೆ, ಎಮ್ಮೆ ಹಾಲಿನ ಮೇಲಿನ ಸಾಲುಗಳನ್ನೂ ನೋಡಬೇಕು. ಕಡಿಮೆ ಬಿದ್ದದ್ದನ್ನು ಮುಂದಿನ ಬಟವಾಡೆಯಲ್ಲೇ ಸೇರಿಸಿ ಕೊಡಲು ಹೇಳಿ. 3.1 ಮತ್ತು 3.2ರಲ್ಲಿ ಹೆಚ್ಚು ಹೋದದ್ದನ್ನು ಮಾತ್ರ ನಿಮ್ಮ ಸಾಫ್ಟ್‌ವೇರ್ ತಾನಾಗಿ ಕಡಿತ ಮಾಡದಿರಲಿ. ಆ ಪಟ್ಟಿಯನ್ನು ಬೇರೆಯಾಗಿ ಮುದ್ರಿಸಿ, ತಪ್ಪು ನಮ್ಮದೆಂದು ಬರೆದು, ಸಂಘದ ಆಡಳಿತ ಮಂಡಳಿಯ ಮುಂದೆ ಇಡಿ.